ಶಾಲು ಬಂತು, ಪಕ್ಷ ಬರಲಿಲ್ಲ

1980ರ ಜನವರಿಯಲ್ಲಿ ಜರ್ಮನಿಯಲ್ಲಿ ಗ್ರೀನ್ಸ್ ಪಕ್ಷ ಹುಟ್ಟಿತು. ಅದೇ ವರ್ಷ, ಮಲಪ್ರಭೆ ಕಾಲುವೆಯ ಕರದ ಜಗಳದಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿದ ಬಳಿಕ, ನಮ್ಮಲ್ಲಿ ರೈತ ಸಂಘ ತಲೆಯೆತ್ತಿತು. ಅವರು ಮೂರೇ ವರ್ಷದಲ್ಲಿ 27 ಸ್ಥಾನ ಗೆದ್ದು ಸಂಸತ್ತಿಗೆ ಹೋದರು. ನಮ್ಮ ಹಸಿರು ಶಾಲಿನವರು 2005ರಲ್ಲಿ ದಲಿತ ಸಂಘರ್ಷ ಸಮಿತಿಯವರ ಜೊತೆಗೂಡಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು. ದೇವನೂರ ಮಹಾದೇವರೂ ಜೊತೆಗಿದ್ದರು. ಗಳಿಸಿದ್ದೇನು? 2013ರಲ್ಲಿ ಮೇಲುಕೋಟೆಯಿಂದ ಪುಟ್ಟಣ್ಣಯ್ಯ. 2023ರಲ್ಲಿ, ಕಾಂಗ್ರೆಸ್ ಬೆಂಬಲದಿಂದ, ಅಲ್ಲಿಂದಲೇ ಅವರ ಮಗ ದರ್ಶನ್. ಅಪ್ಪನ ನಂತರ ಮಗ ಎಂಬ ರೂಢಿ ಹಸಿರು ಬಣ್ಣವನ್ನೂ ಬಿಡಲಿಲ್ಲ.

ಸೋಲಿಗೆ ಜಾತಿ, ಹಣ ಕಾರಣ ಎನ್ನುತ್ತಾರೆ. ಮೇಲುಕೋಟೆಯಲ್ಲಿ ಜಾತಿ, ಹಣ ಇಲ್ಲವೇ? ಅಲ್ಲಿ ಸಂಘ ಕಬ್ಬಿನ ಬಾಕಿಗೆ, ಕಾಲುವೆ ನೀರಿಗೆ ಜನರ ಜೊತೆ ನಿಂತಿತ್ತು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತೊಗರಿಯ ಸೀಮೆ. 2022ರಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿತು. ಪರಿಹಾರ ಪಹಣಿ ಇದ್ದವನಿಗೆ. ಲಾವಣಿಗೆ ಹೊಲ ಮಾಡಿದವನಿಗೆ? ರಾಶಿಗೆ ಬರುವ ಕೂಲಿ ಹೆಂಗಸರಿಗೆ? ಅವರಲ್ಲಿ ದಲಿತರಿದ್ದಾರೆ, ನಮ್ಮ ಸಾಬರ ಮನೆಯವರೂ ಇದ್ದಾರೆ. ಭೀಮೆಯ ಮರಳು ಲಾರಿ ಹತ್ತಿ ಹೋದರೆ ನೀರಿಗೆ ಕೊಡ ಹಿಡಿದು ಅಲೆಯುವವರೂ ಇವರೇ. ಹಸಿರು ರಾಜಕಾರಣಕ್ಕೆ ಇದಕ್ಕಿಂತ ಬೇರೆ ವಿಷಯ ಬೇಕೇ?

ಶಾಲಿನವರನ್ನು ತಹಶೀಲ್ ಕಚೇರಿ ಮುಂದೆ ಕಂಡಿದ್ದೇನೆ, ಈ ಓಣಿಗಳಲ್ಲಿ ಕಂಡಿಲ್ಲ. ನಮ್ಮ ಜಮಾಅತಿನ ಹಿರಿಯರೇನು ಕಡಿಮೆಯೇ? ಚುನಾವಣೆ ಬಂದರೆ ಯಾರು ಸೋಲಬೇಕೆಂದು ಲೆಕ್ಕ ಹಾಕುತ್ತಾರೆ. ಮರಳಿನ ಮಾತು ಬಂದರೆ ಚಹಾ ತರಿಸುತ್ತಾರೆ.

ಶಾಲಿನವರು ವೋಟು ಕೇಳಲು ಬರಲಿ, ಬೇಡವೆನ್ನುವುದಿಲ್ಲ. ಬರುವಾಗ ಪಹಣಿ ಇಲ್ಲದವರ ಪಟ್ಟಿಯೊಂದನ್ನು ಮಾಡಿಕೊಂಡು ಬರಲಿ.