ಟೊಳ್ಳು ಗಿಟಾರಿಗೆ ಜೋರು ಪಿಕಪ್ ಬೇಡ

ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಕುಳಿತು ಹಾಡಿ, ನುಡಿಸಿ, ಕಲಿಸಿದ ಈ ಗದಗು ಸೀಮೆಯಲ್ಲಿ, ತಂಬೂರಿಯ ತಂತಿಯೊಂದು ತುಸುವೇ ಇಳಿದಿದ್ದರೂ ಹುಬ್ಬು ಗಂಟಿಕ್ಕುವ ಶ್ರೋತೃಗಳಿಗೆ ಇಂದಿಗೂ ಕೊರತೆಯಿಲ್ಲ. ಆದರೆ ಲಕ್ಕುಂಡಿಯ ಉತ್ಸವದಲ್ಲಾಗಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಡೆಯ ಜಾತ್ರೆಯ ರಸಮಂಜರಿಗಳಲ್ಲಾಗಲಿ ವೇದಿಕೆಯನ್ನೇರುವ ಗಿಟಾರು, ಅದರ ಒಡಲು ಎಷ್ಟೇ ಸುನಾದಯುಕ್ತವಾಗಿದ್ದರೂ, ತಗಡಿನ ದನಿಯನ್ನೇ ಹೊರಡಿಸುವುದೇಕೆಂದು ಕೇಳಿಕೊಳ್ಳುವವರು ವಿರಳ. ಕೇಳಿಕೊಂಡವರಾದರೂ ಬಹುಮಟ್ಟಿಗೆ ತಲುಪುವ ತೀರ್ಮಾನ ಒಂದೇ: ಪಿಕಪ್ ಸಾಲದು, ಇನ್ನೂ ಜೋರಾದದ್ದನ್ನು ಬೆಂಗಳೂರಿನಿಂದ ತರಿಸಬೇಕು. ಈ ತೀರ್ಮಾನವು ಹಣವನ್ನೂ ವಾದ್ಯವನ್ನೂ ಏಕಕಾಲಕ್ಕೆ ಕೆಡಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ.

ನಾನು ಹೇಳಹೊರಟಿರುವುದು ಒಡಲು ಟೊಳ್ಳಾಗಿರುವ, ಎದೆಹಲಗೆಯ ಎರಡು ಪಕ್ಕಗಳಲ್ಲಿ ಪಿಟೀಲಿಗಿರುವಂತೆ ಎಫ್ ಅಕ್ಷರದಾಕಾರದ ರಂಧ್ರಗಳುಳ್ಳ ವಿದ್ಯುತ್ ಗಿಟಾರಿನ ಮಾತು. 1936ರಲ್ಲಿ ಗಿಬ್ಸನ್ ಸಂಸ್ಥೆಯು ಇಎಸ್-150 ಎಂಬ ಹೆಸರಿನಿಂದ ಇಂಥ ಗಿಟಾರನ್ನು ಹೊರತಂದಾಗ, ಅದನ್ನು ಕೈಗೆತ್ತಿಕೊಂಡ ಜಾಝ್ ವಾದಕ ಚಾರ್ಲಿ ಕ್ರಿಶ್ಚಿಯನ್ನನ ಹೆಸರೇ ಅದರ ಪಿಕಪ್ಪಿಗೂ ಅಂಟಿಕೊಂಡಿತು. ಪಿಕಪ್ಪಿನ ತತ್ತ್ವ ಸರಳ: ಅಯಸ್ಕಾಂತದ ಸುತ್ತ ತಾಮ್ರದ ತಂತಿಯ ಸಾವಿರಾರು ಸುತ್ತುಗಳು, ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದೊಡನೆ, ಫ್ಯಾರಡೆಯು 1831ರಲ್ಲಿ ಕಂಡುಕೊಂಡ ನಿಯಮಾನುಸಾರವಾಗಿ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ಪು ಮರದ ನಾದವನ್ನು ನೇರವಾಗಿ ಗ್ರಹಿಸಲಾರದೆಂಬುದು ನಿಜವಾದರೂ, ತಂತಿಯ ಕಂಪನದಲ್ಲಿ ಯಾವುದನ್ನು ಹೀರಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ನಿರ್ಣಯಿಸುವುದು ಟೊಳ್ಳಾದ ಆ ಮರವೇ ಆದುದರಿಂದ, ಒಡಲು ತಂತಿಗೆ ಹೇಳಿದ್ದನ್ನು ತಂತಿಯು ಪಿಕಪ್ಪಿಗೆ ಹೇಳುತ್ತದೆ.

ಇನ್ನು ಜೋರಿನ ವಿಚಾರ. ಸ್ಪೀಕರಿನಿಂದ ಹೊರಟ ನಾದವು ಮರಳಿ ಗಿಟಾರಿನ ಒಡಲನ್ನು ತಟ್ಟಿ, ಒಳಗಣ ಗಾಳಿಯನ್ನೂ ಎದೆಹಲಗೆಯನ್ನೂ ಅಲುಗಿಸಿ, ತಂತಿಯನ್ನು ಮತ್ತೆ ಕಂಪಿಸುವಂತೆ ಮಾಡಿ, ಆ ಕಂಪನವೇ ಪಿಕಪ್ಪಿನ ಮೂಲಕ ಪುನಃ ಸ್ಪೀಕರನ್ನು ಸೇರುವ ಚಕ್ರ ಮಿತಿಮೀರಿದಾಗ ಏಳುವ ಊಳನ್ನೇ ನಮ್ಮ ಮೈಕ್‌ಸೆಟ್ಟಿನವರು ‘ಕೂಗುತ್ತದೆ’ ಎನ್ನುವುದು. ಪ್ರಬಲವಾದ ಪಿಕಪ್ಪನ್ನು ಕೂರಿಸಿದರೆ ಈ ಮಿತಿಯೇನೂ ಮೇಲಕ್ಕೇರದು. ಮೊದಲು ಗುಂಡಿಯನ್ನು ಆರಕ್ಕೆ ತಿರುಗಿಸಿದಾಗ ಕೂಗುತ್ತಿದ್ದದ್ದು ಈಗ ಮೂರಕ್ಕೇ ಕೂಗುತ್ತದೆ, ಅಷ್ಟೆ. ಸಭಿಕರ ಕಿವಿಗೆ ಬೀಳುವ ಗಾತ್ರ ಅದೇ. ಆದರೆ ಬಲವನ್ನು ಹೆಚ್ಚಿಸಲೆಂದು ಸುರುಳಿಗೆ ಸುತ್ತಿದ ಹೆಚ್ಚಿನ ತಂತಿಯು ಮೇಲುಸ್ವರಗಳ ಕಾಂತಿಯನ್ನು ನುಂಗಿ ಕೂತಿರುತ್ತದೆ. ಕೊಟ್ಟ ಹಣಕ್ಕೆ ದೊರೆತದ್ದು ಮಂಕು ದನಿ.

ಗಾತ್ರದ ಚಿಂತೆ ಹೊಸದಲ್ಲ. ಸಭೆಯ ಹಿಂದಿನ ಸಾಲಿಗೂ ತಮ್ಮ ಪಿಟೀಲು ಕೇಳಿಸಬೇಕೆಂದು ಮೈಸೂರು ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿದ್ದು ಪ್ರಸಿದ್ಧವೇ ಆಗಿದೆ. ವಾದ್ಯದೊಳಗೇ ಗಾತ್ರವನ್ನು ಅರಸಬೇಕಾದದ್ದು ಧ್ವನಿವರ್ಧಕವಿಲ್ಲದ ಆ ಕಾಲದ ಅನಿವಾರ್ಯತೆ. ಇಂದು ಲಕ್ಕುಂಡಿಯ ಬಯಲಲ್ಲಿ ಆಳೆತ್ತರದ ಸ್ಪೀಕರುಗಳು ನಿಂತಿರುವಾಗ ಆ ಭಾರವನ್ನು ಬಡ ಪಿಕಪ್ಪಿನ ಮೇಲೆ ಹೇರುವುದೇಕೆ? ಜೋಧಪುರದ ಬ್ರಿಜ್‌ಭೂಷಣ ಕಾಬ್ರಾ ಅವರು ಗಿಬ್ಸನ್ ಸೂಪರ್ 400 ಎಂಬ ಟೊಳ್ಳು ಗಿಟಾರನ್ನೇ ತಿದ್ದಿಕೊಂಡು ಹಿಂದುಸ್ತಾನಿ ರಾಗಗಳನ್ನು ನುಡಿಸಿದರು. ಅವರ ಮೀಂಡನ್ನು ಕೇಳಿದವರಿಗೆ, ಆ ವಾದ್ಯದ ಬೆಲೆ ಅಬ್ಬರದಲ್ಲಿಲ್ಲವೆಂದು ಬೇರೆ ಹೇಳಬೇಕಾದುದಿಲ್ಲ.

ಹಾಗಾದರೆ ಆರಿಸಬೇಕಾದದ್ದು ಯಾವುದು? ನಮ್ಮ ಕಡೆಯ ವೇದಿಕೆಯ ವಾಸ್ತವವನ್ನು ಮೊದಲು ನೋಡಬೇಕು. ಜನರೇಟರಿಗೆ ಅರ್ಥಿಂಗ್ ಇರುವುದು ಅಪರೂಪ. ಬಣ್ಣದ ದೀಪಗಳ ವೈರೂ ಗಿಟಾರಿನ ವೈರೂ ಒಂದರ ಮೇಲೊಂದು ಬಿದ್ದಿರುತ್ತವೆ. 50 ಹರ್ಟ್ಜಿನ ವಿದ್ಯುತ್ತಿನ ಗುಂಯ್‌ಗಾರ ಗಾಳಿಯಲ್ಲೆಲ್ಲ ತುಂಬಿರುತ್ತದೆ. ಒಂಟಿ ಸುರುಳಿಯ ಪಿಕಪ್ಪು, ಗಿಬ್ಸನ್ನಿನವರು 1946ರ ಸುಮಾರಿಗೆ ತಂದ ಪಿ-90ರಂಥದು, ಈ ಗುಂಯ್‌ಗಾರವನ್ನು ಯಥಾವತ್ತಾಗಿ ಹಿಡಿದು ಸ್ಪೀಕರಿಗೆ ಒಪ್ಪಿಸುತ್ತದೆ. ಅದರ ಸ್ಫುಟವಾದ, ತುಸು ಒರಟಾದ ದನಿಯನ್ನು ಮೆಚ್ಚುವವರ ರಸಿಕತೆಯನ್ನು ನಾನು ಹಳಿಯಲಾರೆ. ಮನೆಯಲ್ಲಿ ನನಗೂ ಅದೇ ಪ್ರಿಯ. ಆದರೆ ಜಾತ್ರೆಯ ವೇದಿಕೆಗೆ, 1955ರಲ್ಲಿ ಸೆತ್ ಲವರ್ ಎಂಬ ಎಂಜಿನಿಯರು ರೂಪಿಸಿದ ಹಂಬಕರ್ ಮೇಲು. ಪರಸ್ಪರ ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳು ಹೊರಗಿನ ಗುಂಯ್‌ಗಾರವನ್ನು ತಮ್ಮತಮ್ಮೊಳಗೇ ಕಳೆದು, ತಂತಿಯ ನಾದವನ್ನು ಮಾತ್ರ ಕೂಡಿಸಿ ಕಳಿಸುತ್ತವೆ. ಅದರಲ್ಲಿಯೂ ಸೆರಾಮಿಕ್ ಅಯಸ್ಕಾಂತದ, 14–15 ಕಿಲೋ-ಓಮ್ ರೋಧದ ಭೀಮಕಾಯಗಳನ್ನು ಬಿಟ್ಟು, ಅಲ್ನಿಕೊ 2 ಎಂಬ ಮೆದು ಅಯಸ್ಕಾಂತದ, 7–8 ಕಿಲೋ-ಓಮಿನ, ಮೇಣದಲ್ಲಿ ಅದ್ದಿದ ಪಿಕಪ್ಪನ್ನು ಆರಿಸಬೇಕು. ಮೇಣ ಕುಡಿಸದಿದ್ದರೆ ಸುರುಳಿಯೂ ಮೇಲಿನ ಲೋಹದ ಮುಚ್ಚಳವೂ ತಾವೇ ಅದುರಿ ಕೀರಲುದನಿ ಏಳುತ್ತದೆ.

ಅಳತೆಯ ವಿಷಯದಲ್ಲಿ ನನ್ನದು ಹಟವೆಂದರೂ ಸರಿಯೆ. ಹಂಬಕರಿನ ಚೌಕಟ್ಟೇ ಬೇರೆ, ಪಿ-90ರದೇ ಬೇರೆ, ಗ್ರೆಚ್ ಗಿಟಾರುಗಳ ಫಿಲ್ಟರ್‌ಟ್ರಾನಿನದೇ ಬೇರೆ. ಒಂದರ ಸ್ಥಾನಕ್ಕೆ ಇನ್ನೊಂದನ್ನು ಕೂರಿಸಲೆಂದು ಎದೆಹಲಗೆಗೆ ಉಳಿ ಹಾಕುವವರನ್ನು ಕಂಡಾಗ, ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಂಬಗಳನ್ನು ಕಡೆದು ನುಣುಪಾಗಿಸಿದ ರೂವಾರಿಗಳ ಕೈಹಿಡಿತ ನೆನಪಾಗುತ್ತದೆ: ಒಮ್ಮೆ ತೆಗೆದದ್ದನ್ನು ಮರಳಿ ಕೂಡಿಸಲಾಗದೆಂಬ ಎಚ್ಚರವೇ ಆ ಶಿಲ್ಪದ ಮೂಲ. ಹಳೆಯದರ ಅಳತೆಗೇ ತಕ್ಕ ಹಂಬಕರುಗಳನ್ನು ಇಂದು ಹಲವರು ತಯಾರಿಸುತ್ತಾರೆ. ಒಡಲನ್ನು ಮುಟ್ಟದೆ ಕೊರಳಪಟ್ಟಿಯ ತುದಿಗೆ ತೇಲಿಸಿ ಕಟ್ಟುವ ಪಿಕಪ್ಪುಗಳೂ ಉಂಟು.

ಇಷ್ಟೆಲ್ಲ ಹೇಳಿಯೂ, ಬದಲಾಯಿಸುವ ಮುನ್ನ ಒಂದು ತಪಾಸಣೆ ಅವಶ್ಯ. ಪಿಕಪ್ಪಿನ ಪಕ್ಕದ ತಿರುಪನ್ನು ತಿರುಗಿಸಿ ಅದನ್ನು ತಂತಿಗಳಿಂದ ಕೊಂಚ ಕೆಳಗಿಳಿಸಿ ಕೇಳಬೇಕು. ಕಂಚು ಸುತ್ತಿದ ತಂತಿಗಳಿದ್ದರೆ ತೆಗೆದು ನಿಕ್ಕಲ್ ಸುತ್ತಿನವನ್ನು ಕಟ್ಟಬೇಕು, ಏಕೆಂದರೆ ಕಂಚು ಅಯಸ್ಕಾಂತಕ್ಕೆ ಓಗೊಡುವುದಿಲ್ಲ. ಸಡಿಲವಾದ ಜ್ಯಾಕನ್ನು ಸರಿಪಡಿಸಬೇಕು. ಬಹುಪಾಲು ದೂರುಗಳು ಇಲ್ಲಿಗೇ ತೀರುತ್ತವೆ. ಮೀಟರಿನ ಕಡ್ಡಿ ಹಚ್ಚಿದಾಗ ಸುರುಳಿ ತುಂಡಾಗಿರುವುದು ಕಂಡುಬಂದರೂ ಪಂಪ್‌ಸೆಟ್ ಮೋಟಾರು ಸುತ್ತುವವರ ಬಳಿಗೆ ಒಯ್ಯುವುದು ಬೇಡ. ಅವರ ಕೌಶಲವನ್ನು ಬಲ್ಲೆ, ಆದರೆ ಈ ತಂತಿಯ ದಪ್ಪ ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಪಾಲು. ಬೆಸುಗೆಯ ಕೆಲಸಕ್ಕಾದರೆ ನಮ್ಮ ಹಳೆಯ ರೇಡಿಯೋ ರಿಪೇರಿಯವರೇ ಸಾಕು. ಟೊಳ್ಳು ಗಿಟಾರಿಗೆ ಹಿಂಬಾಗಿಲಿಲ್ಲದ್ದರಿಂದ ಒಳಗಿನ ಸಾಮಾನನ್ನೆಲ್ಲ ಎಫ್ ರಂಧ್ರದ ಮೂಲಕವೇ ಹೊರಗೆಳೆಯಬೇಕಾಗುತ್ತದೆಂದೂ, ಎಳೆಯುವ ಮುನ್ನ ಪ್ರತಿಯೊಂದು ಗುಂಡಿಗೂ ನೂಲು ಕಟ್ಟಿರಬೇಕೆಂದೂ ಅವರಿಗೆ ಹೇಳಿ. ನೂಲು ಕಟ್ಟದಿದ್ದರೆ ಅವು ತಿರುಗಿ ಸ್ವಸ್ಥಾನಕ್ಕೆ ಬಾರವು. ತೆಗೆದ ಹಳೆಯ ಪಿಕಪ್ಪನ್ನು ಮಾರಬೇಡಿ, ವಾದ್ಯದ ಪೆಟ್ಟಿಗೆಯಲ್ಲೇ ಇಡಿ. ಉತ್ಸವ ನಡೆಸುವ ಅಧಿಕಾರಿಗಳಲ್ಲೂ ಜಾತ್ರಾ ಸಮಿತಿಗಳಲ್ಲೂ ನನ್ನ ವಿನಂತಿ ಒಂದೇ: ಮುಂದಿನ ವೇದಿಕೆಯನ್ನು ಕಟ್ಟುವಾಗ ಹಾರತುರಾಯಿಗಳ ಲೆಕ್ಕ ಬರೆಯುವ ಮೊದಲು, ಜನರೇಟರಿಗೆ ಒಂದು ಸರಿಯಾದ ಅರ್ಥಿಂಗ್ ಹಾಕಿಸಿರಿ.