ಲ್ಯಾಟಿನ್ ಸಂಸ್ಕೃತದ ಮಗಳಂತೆ, ಹೌದಾ?

ಮೊನ್ನೆ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಆ ಫಾರ್ವರ್ಡ್ ಬಂತು. ಹಳೆಯ ಲ್ಯಾಟಿನ್ನಿನ 'ಸಿಯೆತ್' ನಮ್ಮ ಸಂಸ್ಕೃತದ 'ಸ್ಯಾತ್' ಅಂತೆ, ಆದ್ದರಿಂದ ಲ್ಯಾಟಿನ್ ಸಂಸ್ಕೃತದ ಮಗಳಂತೆ! ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು.

ಇದರಲ್ಲಿ ಅರ್ಧ ನಿಜ, ಕಿರಿಕಿರಿ ಅದಕ್ಕೇ. 'ಸಿಯೆತ್' ಅಂದರೆ 'ಇರಲಿ'. ಕ್ರಿ.ಪೂ. 200ರ ಆಸುಪಾಸಿನ ಪ್ಲಾಟಸ್‌ನ ನಾಟಕಗಳಲ್ಲಿ ಸಿಗುತ್ತೆ. ಆಮೇಲೆ 'ಸಿತ್' ರೂಢಿಯಾಯ್ತು. ಕ್ರಿ.ಪೂ. 46ರಲ್ಲಿ ಸಿಸೆರೊ, ಮೊದಲನೆಯದು ಪೂರ್ಣ, ಎರಡನೆಯದು ಮೊಟಕು, ಎರಡನ್ನೂ ಬಳಸಬಹುದು ಅಂತ ಬರೆದಿದ್ದಾನೆ. 'ಸ್ಯಾತ್' ಜೊತೆ ಅದರ ನೆಂಟಸ್ತಿಕೆಯೂ ನಿಜ.

ಆದರೆ ಒಂದು ಟೆಸ್ಟ್ ಕೇಸ್ ಪಾಸಾದರೆ ಇಡೀ ಕೋಡ್ ಸರಿ ಅಂತೀವಾ ಸ್ವಾಮಿ? 'ಅವನು' ರೂಪ ಬಿಟ್ಟು 'ನಾವು' ರೂಪ ನೋಡಿ. ಸಂಸ್ಕೃತದಲ್ಲಿ 'ಸ್ಯಾಮ', ಲ್ಯಾಟಿನ್ನಿನಲ್ಲಿ 'ಸೀಮುಸ್'. ಮೂಲದಲ್ಲಿ ಏಕವಚನಕ್ಕೆ 'ಯೇ', ಬಹುವಚನಕ್ಕೆ 'ಈ' ಇತ್ತು. ಆ ವ್ಯತ್ಯಾಸ ಉಳಿಸಿಕೊಂಡಿದ್ದು ಹಳೆಯ ಲ್ಯಾಟಿನ್. ಸಂಸ್ಕೃತ ಇಲ್ಲಿ ಎರಡಕ್ಕೂ 'ಯಾ' ಹಾಕಿಬಿಟ್ಟಿತು. ತಾಯಿ ಕಳೆದುಕೊಂಡಿದ್ದನ್ನು ಮಗಳು ಎಲ್ಲಿಂದ ತಂದಳು?

ಇನ್ನೊಂದು. 'ಕೃ' ಧಾತುವಿನ ಮೊದಲಕ್ಷರ ಇಮ್ಮಡಿಸಿದರೆ 'ಕಕಾರ' ಆಗಬೇಕಿತ್ತು, 'ಚಕಾರ' (ಮಾಡಿದನು) ಯಾಕಾಯ್ತು? ಪಾಣಿನಿ ನಿಯಮ ಕೊಡ್ತಾನೆ, ಕಾರಣ ಕಾಣೋದು ಲ್ಯಾಟಿನ್ನಿನಲ್ಲಿ. ಅಲ್ಲಿ 'ಕೆಕಿನಿ' (ಹಾಡಿದೆ), 'ಪೆಪುಲಿ' (ತಳ್ಳಿದೆ). ಪ್ರೆನೆಸ್ತೆಯ ಚಿನ್ನದ ಪಿನ್ನಿನ ಮೇಲೆ, ಕ್ರಿ.ಪೂ. 7ನೇ ಶತಮಾನದಲ್ಲೇ, 'ಫೆಫಕೆದ್' (ಮಾಡಿದನು). ಅಂದರೆ ಇಮ್ಮಡಿಸುವಾಗ ಬರುತ್ತಿದ್ದ ಸ್ವರ 'ಎ'. ಸಂಸ್ಕೃತದ ಪೂರ್ವಿಕ ಭಾಷೆಯಲ್ಲಿ ಆ 'ಎ' ತನ್ನ ಹಿಂದಿನ 'ಕ'ವನ್ನು 'ಚ' ಮಾಡಿ, ಆಮೇಲೆ ತಾನೇ 'ಅ' ಆಗಿಹೋಯ್ತು. ಲ್ಯಾಟಿನ್ನಿನಲ್ಲಿ ಎರಡೂ ಹಾಗೇ ಉಳಿದವು.

ಇದು ನಮಗೆ ಗೊತ್ತಿರೋ ಕಥೆಯೇ. ನಮ್ಮ 'ಕಿವಿ' ತಮಿಳಿನಲ್ಲಿ 'ಚೆವಿ'. ಹಳಗನ್ನಡದ 'ಕೆಯ್' (ಮಾಡು) ಅಲ್ಲಿ 'ಚೆಯ್'. ಹಳೆಯ 'ಕ' ಉಳಿಸಿಕೊಂಡಿದ್ದು ಕನ್ನಡ. ಕನ್ನಡ ತಮಿಳಿನಿಂದ ಹುಟ್ಟಿತು ಅಂತ 2025ರಲ್ಲಿ ಕಮಲ್ ಹಾಸನ್ ಅಂದಾಗ ಇದೇ ಗುಂಪು ಕೆಂಡವಾಗಿತ್ತು. "ಮಗಳಲ್ಲ, ಅಕ್ಕತಂಗಿ" ಅಂತ ಪುಟಗಟ್ಟಲೆ ಬರೆದಿದ್ದೆವು. ನಮಗೊಂದು ನ್ಯಾಯ, ಲ್ಯಾಟಿನ್ನಿಗೊಂದು ನ್ಯಾಯವಾ?

ಅಕ್ಕತಂಗಿಯರು ಅಂದರೆ ಸಂಸ್ಕೃತಕ್ಕೆ ಅವಮಾನವೇನೂ ಇಲ್ಲ. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತವನ್ನು ಬಾಯ್ತುಂಬ ಹೊಗಳಿದ್ದೂ ಇವೆಲ್ಲ ಒಂದೇ ಮೂಲದವು ಅಂತ ಹೇಳುತ್ತಲೇ.

ಒಪ್ಪದಿದ್ದರೆ ಜಗಳಕ್ಕೆ ಬನ್ನಿ, ಸಂತೋಷ :-) ಬರುವಾಗ ಒಂದೊಂದೇ ಪದ ಹೆಕ್ಕಿ ತರಬೇಡಿ, ಕ್ರಿಯಾಪದದ ಪೂರ್ತಿ ರೂಪಾವಳಿ ತನ್ನಿ.