ನಾವು ಬಿಟ್ಟ ಕೋಚ್, ಉಪ್ಪಲ್‌ಗೆ ಬಂದರು

ಐಪಿಎಲ್ ಬಂತೆಂದರೆ ಉಪ್ಪಲ್‌ನ ಕನ್ನಡಿಗರ ಮನೆಗಳಲ್ಲಿ ಎರಡು ಪಕ್ಷ. ಊರು ಬಿಟ್ಟು ಬಂದ ಅಪ್ಪಂದಿರದು ಕೆಂಪು ಜೆರ್ಸಿ, ಇಲ್ಲೇ ಬೆಳೆದ ಮಕ್ಕಳದು ಕಿತ್ತಳೆ. ನಮ್ಮ ಮನೆಯೂ ಅದಕ್ಕೆ ಹೊರತಲ್ಲ. ಆದರೆ 2024ರಲ್ಲಿ ಆರ್‌ಸಿಬಿಯವನಾದ ನಾನೂ ಸನ್‌ರೈಸರ್ಸ್ ಆಟವನ್ನು ಒಂದೂ ಬಿಡದೆ ನೋಡಿದೆ. ಕಾರಣ, ಅವರ ಹೊಸ ಕೋಚ್ ಡೇನಿಯಲ್ ವೆಟ್ಟೋರಿ.

ವೆಟ್ಟೋರಿ ನಮಗೆ ಹೊಸಬರಲ್ಲ. ಆರ್‌ಸಿಬಿಗೆ ಕಪ್ತಾನರಾಗಿದ್ದವರು, 2014ರಿಂದ 2018ರವರೆಗೆ ಕೋಚ್ ಆಗಿದ್ದವರು. 2016ರ ಫೈನಲ್‌ನಲ್ಲಿ ಚಿನ್ನಸ್ವಾಮಿಯಲ್ಲೇ ಹೈದರಾಬಾದ್ ಎದುರು 8 ರನ್ನಿನಿಂದ ಸೋತಾಗ ನಮ್ಮ ಕಡೆ ಕೂತಿದ್ದವರು. ಮರುವರ್ಷ ತಂಡ ಕಟ್ಟಕಡೆಗೆ ಬಿತ್ತು, 2018ರಲ್ಲಿ ಅವರನ್ನು ಕಳಿಸಿದ್ದೂ ಆಯಿತು. 2023ರಲ್ಲಿ 14 ಪಂದ್ಯಗಳಲ್ಲಿ ನಾಲ್ಕೇ ಗೆದ್ದು ಕೊನೆಯ ಸ್ಥಾನದಲ್ಲಿ ನಿಂತ ಸನ್‌ರೈಸರ್ಸ್ ಅವರನ್ನೇ ಕರೆದುಕೊಂಡಿತು. ‘ನಾವು ಬಿಟ್ಟವರು ಇವರಿಗೆ ಬೇಕಾಯಿತಲ್ಲ’ ಎಂದು ನಮ್ಮ ಗೆಳೆಯರ ಗುಂಪು ನಕ್ಕಿತ್ತು.

ಆ ನಗು ಮಾರ್ಚ್ 27ಕ್ಕೆ ನಿಂತಿತು. ಅಂದು ಉಪ್ಪಲ್‌ನಲ್ಲಿ ಮುಂಬೈ ವಿರುದ್ಧ 3 ವಿಕೆಟ್‌ಗೆ 277. ಮುರಿದದ್ದು ಯಾರ ದಾಖಲೆ? ನಮ್ಮದೇ, 2013ರಲ್ಲಿ ಗೇಲ್ ಆಟದಿಂದ ಬಂದ 263. ಆ ದಿನ ಆರಂಭಿಕನಾಗಿ ಬಂದ ನಮ್ಮ ಮಯಾಂಕ್ ಅಗರ್ವಾಲ್ ಗಳಿಸಿದ್ದು 11. ಆಮೇಲೆ ಬಹುಪಾಲು ಹೊರಗೇ ಕೂತರು. ಏಪ್ರಿಲ್ 15ರಂದು ಚಿನ್ನಸ್ವಾಮಿಗೇ ಹೋಗಿ 287 ಹೊಡೆದು ಬಂದರು. ಮಗ ಕುಣಿದ, ನಾನು ಟಿವಿ ಆರಿಸಿ ಊಟಕ್ಕೆ ಕೂತೆ.

ನನಗೆ ಮುಖ್ಯವೆನಿಸಿದ್ದು ಗೆದ್ದ ದಿನಗಳಲ್ಲ. ಏಪ್ರಿಲ್ 25ರಂದು ಆರ್‌ಸಿಬಿ ಉಪ್ಪಲ್‌ಗೆ ಬಂತು. ಮೊದಲ ಓವರಿನಲ್ಲೇ ಟ್ರಾವಿಸ್ ಹೆಡ್ ಔಟ್; ಸನ್‌ರೈಸರ್ಸ್ 35 ರನ್ನಿನಿಂದ ಸೋತಿತು. ಇನ್ನು ಹುಷಾರಾಗಿ ಆಡುತ್ತಾರೆ ಅಂದುಕೊಂಡೆವು. ಆದರೆ ಕೋಚ್ ಆಗಲಿ ಕಪ್ತಾನ ಕಮಿನ್ಸ್ ಆಗಲಿ ದಾರಿ ಬದಲಿಸಲಿಲ್ಲ. ಹದಿಮೂರು ದಿನ ಬಿಟ್ಟು ಅದೇ ಅಂಗಳದಲ್ಲಿ ನಮ್ಮ ಕೆ.ಎಲ್. ರಾಹುಲ್ ನಾಯಕತ್ವದ ಲಖನೌ 165 ಗಳಿಸಿತು. ಹೆಡ್, ಅಭಿಷೇಕ್ ಶರ್ಮ ಇಬ್ಬರೇ ಅದನ್ನು 9.4 ಓವರಿನಲ್ಲಿ ಮುಗಿಸಿದರು.

ಹಾಗಂತ ಕಥೆ ಸುಖಾಂತವಲ್ಲ. ಚೆನ್ನೈ ಫೈನಲ್‌ನಲ್ಲಿ ಕೋಲ್ಕತ್ತ ಎದುರು 113ಕ್ಕೆ ಎಲ್ಲರೂ ಔಟ್. ‘ಇಂಥ ಆಟಕ್ಕೆ ಇದೇ ಗತಿ’ ಎಂದು ಮರುದಿನ ಮೆಟ್ರೋದಲ್ಲೂ ಮಾತು. ಕೊನೆಯ ಸ್ಥಾನದಿಂದ ಫೈನಲ್‌ವರೆಗೆ ತಂದವರನ್ನು ಒಂದು ಸಂಜೆಯಿಂದ ಅಳೆಯುವುದು ನ್ಯಾಯವೇ?

ಕೋಚ್‌ಗೆ ಕಾಲಾವಕಾಶ ಬೇಕು ಎಂಬುದು ಈ ಊರಿಗೆ ಗೊತ್ತಿರಬೇಕಾದ ಮಾತು. ಶಾಲಾ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಂ ತರಬೇತಿಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಅವರೇ ಕೋಚ್ ಆಗಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದದ್ದು 1951ರಲ್ಲಿ, ಮತ್ತೆ 1962ರಲ್ಲಿ. ನಡುವಿನ ಎರಡು ಕೂಟಗಳಲ್ಲಿ ಚಿನ್ನ ಸಿಗಲಿಲ್ಲ.

ನಮ್ಮ ಆರ್‌ಸಿಬಿಯೂ 2024ರಲ್ಲಿ ಹೊಸ ಕೋಚ್ ಆಂಡಿ ಫ್ಲವರ್ ಜೊತೆ ಆಡುತ್ತಿತ್ತು. ಉಪ್ಪಲ್‌ಗೆ ಬರುವ ಮೊದಲು ಎಂಟರಲ್ಲಿ ಗೆದ್ದಿದ್ದು ಒಂದೇ. ಆವಾಗಲೇ ಅವರನ್ನು ಮನೆಗೆ ಕಳಿಸಿ ಎಂದು ಕೂಗಿದವರೆಷ್ಟು ಜನ! ಉಪ್ಪಲ್ ಗೆಲುವಿನಿಂದ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದರು. 2025ರ ಜೂನ್ 3ರಂದು, ಅದೇ ಫ್ಲವರ್ ಇರುವಾಗಲೇ, ಹದಿನೆಂಟನೇ ಪ್ರಯತ್ನಕ್ಕೆ ಕಪ್ ಬಂತು. ಅವತ್ತು ನಮ್ಮ ಮನೆಯ ಕಿತ್ತಳೆ ಪಕ್ಷವೂ ಅಪ್ಪನಿಗಾಗಿ ಚಪ್ಪಾಳೆ ತಟ್ಟಿತು.

ಊರು ಬದಲಿಸಿದ ನಮಗೆ ಇದು ಬೇಗ ಅರ್ಥವಾಗಬೇಕು. ಒಂದು ಕಡೆ ಕೈಗೂಡದ ಕೆಲಸ ಇನ್ನೊಂದು ಕಡೆ ಕೈಗೂಡುತ್ತದೆ. ಅಲ್ಲೂ ಮೊದಲ ವರ್ಷವೇ ಎಲ್ಲ ಸಿಗುವುದಿಲ್ಲ. ನಿಮ್ಮ ಆಫೀಸಿಗೆ ಹೊಸ ಮ್ಯಾನೇಜರ್ ಬಂದಾಗ, ಮಕ್ಕಳ ಶಾಲೆಗೆ ಹೊಸ ಮೇಷ್ಟ್ರು ಬಂದಾಗ, ಮೊದಲ ಎಂಟು ಪಂದ್ಯಕ್ಕೇ ತೀರ್ಪು ಕೊಡಬೇಡಿ.